ಅಕ್ಕನ ಸೊನಾಟಾ

ನಾನು ಸಂಗೀತ ಕಲಿತವನಲ್ಲ. ಎಂಟೆಕ್ ಮಾಡಿ ಕೋಡ್ ಬರೆಯೋನು. ಹಾಗಾಗಿ ಇವತ್ತಿನ ಮಾತು ಪಂಡಿತನದ್ದಲ್ಲ, ಬರೀ ಕೇಳುಗನದ್ದು.

ನಾನಿರೋದು ವಿಶಾಖಪಟ್ಟಣದಲ್ಲಿ. ಪ್ರಾಜೆಕ್ಟ್ ಕೆಲಸಕ್ಕೆ ಆಗಾಗ ವಿಜಯವಾಡಕ್ಕೆ ಹೋಗ್ತೀನಿ. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 350 ಕಿಲೋಮೀಟರ್, ಆರು ಗಂಟೆ ದಾರಿ. ಒಂದು ದಿನ ಸಾಮರ್ಲಕೋಟ ದಾಟಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಫೋನ್ ತಾನಾಗಿ ಕೊಟ್ಟ ಒಂದು ಪಿಯಾನೊ ಸಂಗೀತ ಕೇಳೋಕೆ ಶುರು ಮಾಡಿದೆ. ಯಾರದ್ದು ಅಂತ ನೋಡಿರಲಿಲ್ಲ. ಗೋದಾವರಿ ಸೇತುವೆ ಬರುವಷ್ಟರಲ್ಲಿ ಎರಡನೇ ಸಲ ಕೇಳ್ತಾ ಇದ್ದೆ.

ಅದು ಫ್ಯಾನಿ ಮೆಂಡೆಲ್ಸನ್ 1828ರಲ್ಲಿ ಬರೆದ 'ಈಸ್ಟರ್ ಸೊನಾಟಾ'. ಆಗ ಆಕೆಗೆ 22 ವರ್ಷ. ಮದುವೆಯಾದ ಮೇಲೆ ಫ್ಯಾನಿ ಹೆನ್ಸೆಲ್ ಆದವರು. ಸೊನಾಟಾ ಅಂದ್ರೆ ಸಾಮಾನ್ಯವಾಗಿ ಒಂದೋ ಎರಡೋ ವಾದ್ಯಕ್ಕೆ ಬರೆದ, ಕೆಲವು ಭಾಗಗಳಿರುವ ದೊಡ್ಡ ರಚನೆ. ಇದು ಪಿಯಾನೊ ಒಂದಕ್ಕೇ ಬರೆದದ್ದು, ನಾಲ್ಕು ಭಾಗ ಇದೆ.

ಮೊದಲ ಭಾಗ ಅವಸರವಿಲ್ಲದೆ, ಹಾಡಿದ ಹಾಗೇ ಶುರುವಾಗುತ್ತೆ. ಎರಡನೆಯದು ನಿಧಾನ, ಗಂಭೀರ. ಅದರೊಳಗೆ ಒಂದು ಫ್ಯೂಗ್ ಇದೆ. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನ ಇನ್ನೊಬ್ಬರು ಹಿಡಿಯುತ್ತಾರಲ್ಲ, ಸ್ವಲ್ಪ ಹಾಗೆ. ಆದರೆ ಇಲ್ಲಿ ಮೊದಲಿನವರು ಸುಮ್ಮನಾಗೋದಿಲ್ಲ. ಇಬ್ಬರು ಮೂವರು ಒಟ್ಟಿಗೆ, ಬೇರೆ ಬೇರೆ ದಾರಿಯಲ್ಲಿ ಮುಂದುವರಿಯುತ್ತಾರೆ. ಇದೆಲ್ಲ ಒಬ್ಬರ ಎರಡೇ ಕೈಯಲ್ಲಿ! ಫ್ಯಾನಿ 13ನೇ ವಯಸ್ಸಿಗೆ ಬಾಖ್‌ನ 24 ಪ್ರೆಲ್ಯೂಡ್‌ಗಳನ್ನ ಬಾಯಿಪಾಠ ಮಾಡಿಕೊಂಡು ಅಪ್ಪನಿಗೆ ನುಡಿಸಿ ತೋರಿಸಿದ್ದವರು. ಆ ತಾಲೀಮು ಇಲ್ಲಿ ಕೇಳಿಸುತ್ತೆ.

ಮೂರನೆಯ ಭಾಗ ಹಗುರ, ಚುರುಕು. ನಾಲ್ಕನೆಯದು ಬಿರುಗಾಳಿ. ಯೇಸುವಿನ ಮರಣದ ಹೊತ್ತಿಗೆ ಭೂಮಿ ನಡುಗಿತು ಅನ್ನೋ ಬೈಬಲ್ಲಿನ ಪ್ರಸಂಗ ಎಡಗೈಯ ಗುಡುಗಿನಲ್ಲಿ ಬರುತ್ತೆ. ಅಬ್ಬರದಲ್ಲೇ ಮುಗಿಯುತ್ತೆ ಅಂದುಕೊಂಡರೆ, ಇಲ್ಲ. ಕೊನೆಗೆ ಒಂದು ಹಳೆಯ ಚರ್ಚ್ ಪ್ರಾರ್ಥನೆಯ ಧಾಟಿ ಬಂದು ಎಲ್ಲವನ್ನೂ ಮೆಲ್ಲಗೆ ಶಾಂತ ಮಾಡುತ್ತೆ. ನನಗೆ ಬಹಳ ಇಷ್ಟವಾದ ಜಾಗ ಅದು.

ಈಗ ಇದರ ಕಥೆ. ಫ್ಯಾನಿಗೆ 14 ವರ್ಷ ಇದ್ದಾಗ ಅಪ್ಪ ಒಂದು ಕಾಗದ ಬರೆದರು: ತಮ್ಮ ಫೆಲಿಕ್ಸ್‌ಗೆ ಸಂಗೀತ ವೃತ್ತಿ ಆಗಬಹುದು, ನಿನಗೆ ಅದು ಅಲಂಕಾರ ಮಾತ್ರ, ಅಂತ. ಆಕೆಯ ಕೆಲವು ಹಾಡುಗಳು ತಮ್ಮನ ಹೆಸರಲ್ಲೇ ಅಚ್ಚಾದವು. 1842ರಲ್ಲಿ ವಿಕ್ಟೋರಿಯಾ ರಾಣಿ ಫೆಲಿಕ್ಸ್ ಎದುರಿಗೆ ಅವನ ಪುಸ್ತಕದಿಂದಲೇ ಒಂದು ಹಾಡು ಆರಿಸಿ ಹಾಡಿದರು. ಅದು ಅಕ್ಕನದ್ದು ಅಂತ ಅವನು ಒಪ್ಪಿಕೊಳ್ಳಬೇಕಾಯಿತು. 1846ರಲ್ಲಿ ಫ್ಯಾನಿ ಸ್ವಂತ ಹೆಸರಲ್ಲಿ ಪ್ರಕಟಿಸೋಕೆ ಗಟ್ಟಿ ಮನಸ್ಸು ಮಾಡಿದರು. 1847ರ ಮೇ ತಿಂಗಳಲ್ಲಿ, 41ನೇ ವಯಸ್ಸಿಗೇ ತೀರಿಕೊಂಡರು.

ಈ ಸೊನಾಟಾದ ಹಸ್ತಪ್ರತಿ 1970ರಲ್ಲಿ ಪ್ಯಾರಿಸ್‌ನ ಒಂದು ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಮೇಲೆ 'ಎಫ್. ಮೆಂಡೆಲ್ಸನ್' ಅಂತ ಇತ್ತು. 'ಎಫ್' ಅಂದ್ರೆ ಫೆಲಿಕ್ಸ್ ಅಂತಲೇ ತಿಳಿದು 1972ರಲ್ಲಿ ಅವನ ಹೆಸರಲ್ಲೇ ರೆಕಾರ್ಡ್ ಬಂತು. 2010ರಲ್ಲಿ ಆಂಜೆಲಾ ಮೇಸ್ ಕ್ರಿಶ್ಚಿಯನ್ ಎಂಬ ಸಂಶೋಧಕಿ ಅದನ್ನ ಕಣ್ಣಾರೆ ನೋಡಿದರು. ಅಕ್ಷರ ಫ್ಯಾನಿಯದ್ದು. ಪುಟಸಂಖ್ಯೆಗಳೂ ಫ್ಯಾನಿಯ ಒಂದು ಸಂಗ್ರಹದಲ್ಲಿ ಕಾಣೆಯಾಗಿದ್ದ ಪುಟಗಳಿಗೆ ಸರಿಯಾಗಿ ಕೂತವು. ನಮ್ಮ ಭಾಷೆಯಲ್ಲಿ ಹೇಳೋದಾದರೆ, 'ಗಿಟ್ ಬ್ಲೇಮ್' ಹೊಡೆದು ನಿಜವಾದ ಆಥರ್ ಯಾರು ಅಂತ ಕಂಡುಹಿಡಿದ ಹಾಗೆ. 2017ರ ಮಾರ್ಚ್ 8ರಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸೋಫ್ಯಾ ಗುಲ್ಯಾಕ್ ಇದನ್ನ ಫ್ಯಾನಿಯ ಹೆಸರಲ್ಲಿ ನುಡಿಸಿದರು, ಬಿಬಿಸಿ ರೇಡಿಯೋದಲ್ಲೂ ಬಂತು.

ಪರದೇಶದ ಕಥೆ ಅಂತ ತಳ್ಳಿಹಾಕಬೇಡಿ. ಅದೇ ಕಾಲದಲ್ಲಿ ನಮ್ಮಲ್ಲಿ ಹರಪನಹಳ್ಳಿ ಭೀಮವ್ವ ಇದ್ದರು, 1823ರಿಂದ 1903ರವರೆಗೆ. ಅವರ ಅಂಕಿತ 'ಭೀಮೇಶಕೃಷ್ಣ'. ನಮ್ಮಮ್ಮ ಅವರ ಹಾಡು ಹಾಡ್ತಿದ್ದರು. ಅಂಕಿತ ಕೇಳಿ ಯಾರೋ ದಾಸರು, ಗಂಡಸರು ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ಆದರೆ ಒಂದು ಸಲ ನಾನೇ ಸುಳ್ಳು ಹೇಳಿದ್ದೀನಿ. ದಾವಣಗೆರೆಯ ನಮ್ಮ ಮನೇಲಿ ಅಕ್ಕ ಹಾರ್ಮೋನಿಯಂ ನುಡಿಸೋಳು. ಪದ್ಯಗಳಿಗೆ ತಾನೇ ರಾಗ ಹಾಕೋಳು. ನನಗೆ ಲೆಕ್ಕ ಹೇಳಿಕೊಟ್ಟವಳೂ ಅವಳೇ. ಊರು ಬಿಡಿಸಿ ಓದಿಸೋಕೆ ಮನೇಲಿ ಒಬ್ಬರಿಗಾಗುವಷ್ಟು ದುಡ್ಡಿತ್ತು. ಆ ಒಬ್ಬ ನಾನಾದೆ. ಕಾಲೇಜ್ ಕಾರ್ಯಕ್ರಮದಲ್ಲಿ ಅವಳು ಹಾಕಿದ ರಾಗ ಹಾಡಿದೆ, ಚಪ್ಪಾಳೆ ಬಂತು. 'ಟ್ಯೂನ್ ಯಾರದ್ದೋ?' ಅಂತ ಕೇಳಿದರು. 'ನಂದೇ' ಅಂದೆ.

ಆವತ್ತು ವಿಜಯವಾಡದಲ್ಲಿ ಇಳಿದವನೇ ಪ್ಲಾಟ್‌ಫಾರ್ಮ್‌ನಿಂದಲೇ ಅಕ್ಕನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ನಿನ್ನ ಫ್ರೆಂಡ್ಸು ಮನೆಗೆ ಬಂದಾಗಲೇ ಗೊತ್ತಾಗಿತ್ತು ಬಿಡೋ. ಆದರೆ ಎರಡನೇ ಚರಣ ತಪ್ಪಾಗಿ ಹಾಡಿದ್ದೆ ನೀನು,' ಅಂದಳು. ಸರಿಯಾದದ್ದನ್ನ ಹಾಡಿ ತೋರಿಸಿದಳು. ನಕ್ಕಳು ಕೂಡ. ಆ ನಗುವಿಂದ ನನ್ನ ಸಾಲ ತೀರಿತು ಅಂತ ನಾನಂತೂ ಅಂದುಕೊಂಡಿಲ್ಲ. ಈಗ ಭಾನುವಾರ ಫೋನಲ್ಲೇ ಒಂದೊಂದು ಹಾಡು ರೆಕಾರ್ಡ್ ಮಾಡ್ಕೋತಿದ್ದೀನಿ. ಫೈಲ್ ಹೆಸರಲ್ಲಿ ಅವಳ ಹೆಸರು ಇದೆ.

ಪಾಪ, ಹೆಣ್ಣುಮಗಳು ಅಂತ ಈ ಸೊನಾಟಾ ಕೇಳಬೇಡಿ. ಕನಿಕರದ ಅಗತ್ಯ ಅದಕ್ಕಿಲ್ಲ, ಅದು ತಾನಾಗಿಯೇ ನಿಲ್ಲುತ್ತೆ. ಇಪ್ಪತ್ತು ನಿಮಿಷ ಚಿಲ್ಲರೆ ಬಿಡುವು ಮಾಡಿಕೊಂಡು ಕೇಳಿ. ಮುಗಿದ ಮೇಲೆ, ನಿಮ್ಮ ಹೆಸರಿನ ಕೆಳಗೆ ಯಾರ ಕೆಲಸ ಕೂತಿದೆ ಅಂತ ಒಮ್ಮೆ ನೋಡ್ಕೊಳ್ಳಿ. ಸಿಕ್ಕಿದರೆ ಅವರಿಗೊಂದು ಫೋನ್ ಮಾಡಿ.