ಎರಡಾಣೆಗೂ ರಸೀದಿ
(ಸೈದಾಪುರದ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಯ ಕೆಲಸಗಾರ ಬಂಧುಗಳೇ, ಹಮಾಲ ಮಿತ್ರರೇ, ಸಣ್ಣ ವ್ಯಾಪಾರದ ಸಹೋದರ ಸಹೋದರಿಯರೇ,

ಸಂಜೆಯಾದರೆ ಅಂಗಡಿಯ ಮುಂದೆ ಪಿಗ್ಮಿಯವನು ಬಂದು ನಿಲ್ಲುತ್ತಾನೆ. ಗಲ್ಲೆಯಲ್ಲಿ ಇದ್ದಷ್ಟು ಕೊಡುತ್ತೇವೆ. ಅವನು ಬರೆದುಕೊಂಡು ರಸೀದಿ ಕೊಡುತ್ತಾನೆ. ಈ ಪದ್ಧತಿಯನ್ನು ನಡೆಸಿ ತೋರಿಸಿದವರಲ್ಲಿ ಮುಖ್ಯರು ಒಬ್ಬ ಡಾಕ್ಟರು. ಇಂದು ಅವರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಅವರೇ ಡಾ. ತೋನ್ಸೆ ಮಾಧವ ಅನಂತ ಪೈ. 1898ರಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ ವೈದ್ಯಶಾಸ್ತ್ರ ಓದಿ ತಮ್ಮ ಸೀಮೆಗೆ ಮರಳಿ ವೈದ್ಯವೃತ್ತಿ ಹಿಡಿದರು. ಆಗ ಉಡುಪಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ನಮ್ಮ ಸೈದಾಪುರ ನಿಜಾಮರ ಕೆಳಗಿತ್ತು. ಆಳುವವರು ಬೇರೆ, ಬಡತನ ಒಂದೇ. ಕರಾವಳಿಯ ಕೈಮಗ್ಗದ ನೇಕಾರರು ಕೆಲಸ ಕೆಟ್ಟು ಕಂಗಾಲಾಗಿದ್ದರು. ಜ್ವರಕ್ಕೆ ಔಷಧ ಕೊಡಬಹುದು; ನಿಂತ ಮಗ್ಗಕ್ಕೆ ಯಾವ ಔಷಧ? 1925ರಲ್ಲಿ ಪೈಯವರೂ, ಅವರ ಅಣ್ಣ ಉಪೇಂದ್ರ ಪೈಯವರೂ, ವಾಮನ ಕುಡ್ವರೂ ಕೂಡಿ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಒಂದು ಸಂಸ್ಥೆ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು ಅದೇ.

1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕಿನವನೇ ಮನೆಬಾಗಿಲಿಗೆ ಬರುವನು. ದೊಡ್ಡ ಬ್ಯಾಂಕುಗಳು ಬಡವನನ್ನು ಮೆಟ್ಟಿಲು ಹತ್ತಿಸದ ಕಾಲ ಅದು. ಎರಡೆರಡು ಆಣೆ ಕೂಡಿ ಒಂದು ಬ್ಯಾಂಕಿಗೆ ಬಲವಾಯಿತೆಂಬುದನ್ನು ನಾವು ಮರೆಯಬಾರದು.

ಅಲ್ಲಿಂದ ಪೈಯವರ ಮನಸ್ಸು ವಿದ್ಯೆಯ ಕಡೆ ಹೊರಳಿತು. 1942ರಲ್ಲಿ ಒಂದು ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1953ರಲ್ಲಿ, ಮರಗಿಡವೂ ಸರಿಯಾಗಿ ಇಲ್ಲದ ಮಣಿಪಾಲದ ಗುಡ್ಡದ ಮೇಲೆ, ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಸರ್ಕಾರದ ಬೊಕ್ಕಸಕ್ಕೆ ಕಾಯದೆ, ಸೇರುವ ವಿದ್ಯಾರ್ಥಿಗಳ ಮನೆಯವರಿಂದಲೇ ಹಣ ಕೂಡಿಸಿ ಕಾಲೇಜು ನಡೆಸುವ ದಾರಿ ಹಿಡಿದರು. ವೈದ್ಯರೇ ಇಲ್ಲದ ನಾಡಿಗೆ ಅದರಿಂದ ಸಾವಿರಾರು ವೈದ್ಯರು ದೊರೆತರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು, 1979ರಲ್ಲಿ ತೀರಿಕೊಂಡರು. ಬ್ಯಾಂಕು 1969ರಲ್ಲಿಯೇ ರಾಷ್ಟ್ರದ ಸ್ವತ್ತಾಗಿತ್ತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇಂಥ ಮಹನೀಯರನ್ನು ಗೌರವಿಸುತ್ತೇವೆ. ಆದರೆ ಗೌರವ ಬೇರೆ, ಕುರುಡು ಭಕ್ತಿ ಬೇರೆ. ಅವರು ತುಳಿದ ಕಾಲುದಾರಿ ಮುಂದೆ ಇತರರ ಕೈಯಲ್ಲಿ ಹೆದ್ದಾರಿಯಾಯಿತು. ‘ಡೊನೇಶನ್’ ಎಂದರೆ ದಾನ. ನಮ್ಮ ನಾಡಿನಲ್ಲಿ ಇಂದು ಆ ಮಾತಿಗೆ ಸೀಟಿನ ಬೆಲೆ ಎಂದೇ ಅರ್ಥ! ಇದನ್ನು ತಡೆಯಲು ಕರ್ನಾಟಕ 1984ರಲ್ಲಿ ಕಾನೂನು ಮಾಡಿತು. ಆ ಕಾನೂನಿನ ಕೆಳಗೇ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ಗೊತ್ತಾಯಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ನಾಡಿನವರಿಗೆ 25,000, ಹೊರನಾಡಿನವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. ಇದು ಬೇರೆ ಹೆಸರಿನ ಡೊನೇಶನ್ನೇ, ನ್ಯಾಯವಲ್ಲ ಎಂದು 1992ರಲ್ಲಿ ಕೋರ್ಟು ಹೇಳಿತು. 2002ರಲ್ಲಿ ಪೈಯವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯಲ್ಲಿಯೇ ಹನ್ನೊಂದು ನ್ಯಾಯಾಧೀಶರು ಖಾಸಗಿಯವರಿಗೆ ಕಾಲೇಜು ನಡೆಸುವ, ಶುಲ್ಕ ಗೊತ್ತು ಮಾಡುವ ಸ್ವಾತಂತ್ರ್ಯ ಕೊಟ್ಟರು. ಡೊನೇಶನ್ ಮತ್ತು ಲಾಭಕೋರತನ ಮಾತ್ರ ಕೂಡದೆಂದರು. ಆದರೂ ಕದ್ದುಮುಚ್ಚಿ ಕೊಡುವ ಹಣಕ್ಕೆ ರಸೀದಿ ಕೊಡುವವರು ಯಾರು?

ರಾಜಕೀಯದ ದೇಣಿಗೆಯದೂ ಇದೇ ಕಥೆ. 2018ರಲ್ಲಿ ಬಂದ ಚುನಾವಣಾ ಬಾಂಡಿನಲ್ಲಿ ಯಾವ ಧನಿಕ ಯಾವ ಪಕ್ಷಕ್ಕೆ ಎಷ್ಟು ಕೊಟ್ಟನೆಂಬುದು ಮತದಾರನಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಹೆಸರು ಮುಚ್ಚಿಟ್ಟು ಕೊಟ್ಟುದು ದಾನವೋ, ಮುಂಗಡವೋ? ನೀವೇ ತೀರ್ಮಾನಿಸಿ.

ಬಂಧುಗಳೇ, ದಾನಿಯ ಹೆಸರು ಕಲ್ಲಿನ ಮೇಲೆ ಕೆತ್ತಿರುತ್ತದೆ. ಆ ಕಲ್ಲಿನ ಕೆಳಗೆ ನೇಕಾರನ ಎರಡಾಣೆ ಇದೆ, ತಾಯಿ ಒತ್ತೆಯಿಟ್ಟ ಬಂಗಾರವಿದೆ. ಗಿರಣಿಯಲ್ಲಿ ದುಡಿಯುವವನ ಮಗಳು ಡಾಕ್ಟರಾಗಬೇಕಾದರೆ ಧನಿಕನ ಕರುಣೆ ಸಾಲದು. ಅದು ಅವಳ ಹಕ್ಕಾಗಬೇಕು. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದನ್ನು ಚೆನ್ನಾಗಿ ನಡೆಸಿರೆಂದು ಕೇಳುವುದು ಭಿಕ್ಷೆಯಲ್ಲ.

ನಮ್ಮಿಂದ ಎರಡಾಣೆ ಒಯ್ದ ಪಿಗ್ಮಿಯವನು ರಸೀದಿ ಕೊಟ್ಟ. ಲಕ್ಷ ಒಯ್ಯುವ ಕಾಲೇಜು, ಕೋಟಿ ಒಯ್ಯುವ ಪಕ್ಷ ಏಕೆ ಕೊಡಬಾರದು? ಮೊದಲು ನಮ್ಮ ಸಂಘದಲ್ಲಿ, ನಮ್ಮ ಪಕ್ಷದಲ್ಲಿ ಪ್ರತಿ ರೂಪಾಯಿಗೂ ರಸೀದಿ ಹರಿಯೋಣ. ಆಮೇಲೆ ಎಲ್ಲರನ್ನೂ ಧೈರ್ಯವಾಗಿ ಲೆಕ್ಕ ಕೇಳೋಣ.