ಪಾಸ್‌ವರ್ಡ್ ಸರಿ ಇದ್ರೂ ಒಳಗೆ ಬಿಡದ ಸರ್ವರ್: ಎರರ್ 49ರ ಹಿಂದೆ ಏನಿದೆ?

ಇವತ್ತಿನ ಸಂಚಿಕೆ ಹೆಚ್ಚುಕಡಿಮೆ ಒಂದೇ ಸಾಲಿನ ಬಗ್ಗೆ. ‘ಇನ್‌ವ್ಯಾಲಿಡ್ ಕ್ರೆಡೆನ್ಷಿಯಲ್ಸ್, 49’. ಡೈರೆಕ್ಟರಿ ಸರ್ವರ್ ಸೆಟಪ್ ಮಾಡೋಕೆ ಕೂತವರಲ್ಲಿ ಈ ಸಾಲು ನೋಡದವರು ಕಡಿಮೆ. ನೋಡಿದ ಮೇಲೆ ಎಲ್ಲರೂ ಮಾಡೋದು ಒಂದೇ ಕೆಲಸ, ಪಾಸ್‌ವರ್ಡ್ ಇನ್ನೊಂದ್ಸಲ ಟೈಪ್ ಮಾಡೋದು. ಈ ಸಲ ನಿಧಾನಕ್ಕೆ, ಒಂದೊಂದೇ ಬೆರಳಲ್ಲಿ. ಆಮೇಲೆ ಕ್ಯಾಪ್ಸ್ ಲಾಕ್ ನೋಡೋದು. ಆಮೇಲೆ ಇಡೀ ಸರ್ವರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡೋದು.

ಈ ವಿಷಯ ಕೈಗೆತ್ತಿಕೊಳ್ಳೋಕೆ ಕಾರಣ ಒಂದು ವಾಯ್ಸ್ ಮೆಸೇಜ್. ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಗುತ್ತಿಗೆ ಮೇಲೆ ಲ್ಯಾಬ್ ಅಸಿಸ್ಟೆಂಟ್ ಆಗಿರೋ ಹುಡುಗ ಕಳಿಸಿದ್ದು. ‘ಹೆಸರು, ಊರು ಹೇಳ್ಬೇಡಿ ಅಣ್ಣ’ ಅಂದಿದ್ದಾನೆ, ಹೇಳಲ್ಲ. ಲ್ಯಾಬ್‌ನಲ್ಲಿ 30 ಕಂಪ್ಯೂಟರ್, ಎಲ್ಲದರಲ್ಲೂ ಉಬುಂಟು. ಎಲ್ಲ ಮಕ್ಕಳೂ ‘ಸ್ಟೂಡೆಂಟ್’ ಅನ್ನೋ ಒಂದೇ ಲಾಗಿನ್ ಬಳಸ್ತಾರೆ. ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ಹುಡುಗಿಯ ಪ್ರಾಜೆಕ್ಟ್ ಫೋಲ್ಡರ್ ಡಿಲೀಟ್ ಆಯ್ತು. ಯಾರು ಮಾಡಿದ್ದು ಅಂತ ತಿಳಿಯೋ ದಾರಿಯೇ ಇರಲಿಲ್ಲ, ಮಾತು ಬಂದಿದ್ದು ಇವನ ಮೇಲೆ. ಅದಕ್ಕೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡ್ತೀನಿ ಅಂತ ತಾನೇ ಮುಂದೆ ಬಂದ. ಈಗ ಪ್ರಾಕ್ಟಿಕಲ್ ಪರೀಕ್ಷೆಗೆ ಎಂಟು ದಿನ ಇದೆ, ಗುತ್ತಿಗೆ ಮುಂದುವರಿಸೋ ಮಾತೂ ಅದೇ ತಿಂಗಳಲ್ಲಿ. ಸರ್ವರ್ ಮಾತ್ರ 49 ಅಂತಲೇ ಕೂತಿದೆ. ಮೂರು ಸಲ ರೀಇನ್‌ಸ್ಟಾಲ್ ಮಾಡಿದ್ದಾನಂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡೈರೆಕ್ಟರಿ ಸರ್ವರ್ ಅಂದ್ರೆ ಒಂದು ಕೇಂದ್ರ ಹಾಜರಿ ಪುಸ್ತಕ ಇದ್ದಂಗೆ. ಯಾರ್ಯಾರು ನಮ್ಮವರು, ಅವರ ಪಾಸ್‌ವರ್ಡ್ ಏನು, ಯಾವ ಗುಂಪಿಗೆ ಸೇರಿದವರು, ಎಲ್ಲ ಒಂದೇ ಕಡೆ. 30 ಕಂಪ್ಯೂಟರ್‌ಗಳೂ ಆ ಪುಸ್ತಕ ನೋಡಿ ಒಳಗೆ ಬಿಡುತ್ತವೆ. ಆ ಪುಸ್ತಕದ ಜೊತೆ ಮಾತಾಡೋ ಭಾಷೆಯೇ ಎಲ್‌ಡ್ಯಾಪ್. 1990ರ ದಶಕದ ಶುರುವಿನಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಜೊತೆಗಾರರು, ಎಕ್ಸ್ 500 ಅನ್ನೋ ಭಾರಿ ತೂಕದ ಪದ್ಧತಿಯನ್ನ ಹಗುರ ಮಾಡೋಕೆ ಹೊರಟು ರೂಪಿಸಿದ್ದು. ಹೆಸರಲ್ಲೇ ‘ಲೈಟ್‌ವೇಟ್’ ಅಂತಿದೆ. ಎರರ್ ಮೆಸೇಜ್‌ಗಳನ್ನ ನೋಡಿದ್ರೆ ಹಗುರ ಅನ್ಸಲ್ಲ, ಅದು ಬೇರೆ ಮಾತು. ನಮ್ಮ ಹುಡುಗ ಹಾಕಿದ್ದು ಓಪನ್‌ಎಲ್‌ಡ್ಯಾಪ್. ಅದರ ಸರ್ವರ್ ಪ್ರೋಗ್ರಾಂ ಹೆಸರು ಸ್ಲ್ಯಾಪ್‌ಡಿ.

ಈಗ 49ಕ್ಕೆ ಬರೋಣ. ನಾನು ಬಿಕಾಂ ಓದಿದವನು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಮತ್ತೆ ಮತ್ತೆ ಕೂಡಿಸ್ತಾ ಕೂರಬೇಡಿ ಅಂತ ಮೇಷ್ಟ್ರು ಹೇಳೋರು. ವ್ಯತ್ಯಾಸವನ್ನ 9ರಿಂದ ಭಾಗಿಸಿ ನೋಡಿ, ಶೇಷ ಉಳೀಲಿಲ್ಲ ಅಂದ್ರೆ ಎಲ್ಲೋ ಅಂಕಿ ಅದಲು ಬದಲಾಗಿರಬಹುದು, 540 ಬರೆಯೋ ಕಡೆ 450. ಕೂಡಿಸೋದ್ರಲ್ಲಿ ತಪ್ಪಿರಲ್ಲ, ಬರ್ಕೊಂಡಿದ್ದರಲ್ಲಿ ತಪ್ಪಿರುತ್ತೆ. 49ರ ಕಥೆಯೂ ಸುಮಾರು ಹೀಗೇ.

ಯಾಕಂದ್ರೆ ಈ ಎರರ್ ನಿಮಗೆ ಪೂರ್ತಿ ಸತ್ಯ ಹೇಳಲ್ಲ, ಬೇಕಂತಲೇ ಹೇಳಲ್ಲ. ಪಾಸ್‌ವರ್ಡ್ ತಪ್ಪಾದ್ರೂ 49. ನೀವು ಕೊಟ್ಟ ಹೆಸರಿನವರು ಪುಸ್ತಕದಲ್ಲೇ ಇಲ್ಲದಿದ್ರೂ 49. ‘ಅಂಥ ಹೆಸರಿನವರು ಇಲ್ಲ’ ಅಂತ ಬಿಡಿಸಿ ಹೇಳಿದ್ರೆ, ಹೊರಗಿನ ಕಳ್ಳ ಒಂದೊಂದೇ ಹೆಸರು ಹಾಕಿ ಯಾರಿದ್ದಾರೆ, ಯಾರಿಲ್ಲ ಅಂತ ಪಟ್ಟಿ ಮಾಡ್ಕೊಳ್ತಾನೆ. ನಿಮ್ಮ ಫೋನಿನ ಆ್ಯಪ್‌ಗಳೂ ‘ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು’ ಅಂತ ಎರಡನ್ನೂ ಸೇರಿಸಿ ಹೇಳೋದು ಇದಕ್ಕೇ. ಕಳ್ಳನಿಗೆ ಅಂತ ಮಾಡಿದ ವ್ಯವಸ್ಥೆ, ಸೆಟಪ್ ಮಾಡ್ತಾ ಇರೋ ಬಡಪಾಯಿಗೂ ಬಾಯಿ ಬಿಡಲ್ಲ.

ಒಂದು ಸಮಾಧಾನ ಇದೆ. 49 ಬಂತು ಅಂದ್ರೆ ಸರ್ವರ್ ಬದುಕಿದೆ, ನಿಮ್ಮ ಮಾತು ಅದಕ್ಕೆ ಕೇಳಿಸಿದೆ. ಸರ್ವರ್ ಸಿಗದೇ ಇದ್ದಿದ್ರೆ ‘ಕಾಂಟ್ ಕಾಂಟ್ಯಾಕ್ಟ್’, ಮೈನಸ್ 1 ಅಂತ ಬರ್ತಿತ್ತು. ಆಗ ಫೈರ್‌ವಾಲ್, ಕೇಬಲ್, 389ನೇ ಪೋರ್ಟ್ ನೋಡಬೇಕು. ‘ಸಾಸಲ್’ ಅನ್ನೋ ಪದ ಇರೋ ಎರರ್ ಬಂದ್ರೆ ಕಮ್ಯಾಂಡ್‌ನಲ್ಲಿ ಮೈನಸ್ ಎಕ್ಸ್ ಹಾಕಿದ್ದೀರಾ ಅಂತ ಮೊದಲು ನೋಡಿ. ಅದು ಇಲ್ಲದಿದ್ರೆ ಟೂಲ್ ಬೇರೆಯೇ ಲಾಗಿನ್ ವಿಧಾನಕ್ಕೆ ಕೈ ಹಾಕುತ್ತೆ.

ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಪಾಸ್‌ವರ್ಡ್ ಬಿಡು ತಮ್ಮಾ, ಹೆಸರು ಏನಂತ ಕೊಡ್ತಿದ್ದೀಯ? ಎಲ್‌ಡ್ಯಾಪ್‌ನಲ್ಲಿ ಹೆಸರು ಅಂದ್ರೆ ಪೂರ್ತಿ ವಿಳಾಸ. ಅಂಚೆ ವಿಳಾಸದ ಹಾಗೆ ಚಿಕ್ಕದರಿಂದ ದೊಡ್ಡದಕ್ಕೆ ಬರೀತಾರೆ, ಮೊದಲು ಮನೆ, ಕೊನೆಗೆ ಊರು. ಅವನು ಕೊಡ್ತಿದ್ದಿದ್ದು: ಸಿಎನ್ ಮ್ಯಾನೇಜರ್, ಡಿಸಿ ಎಕ್ಸಾಂಪಲ್, ಡಿಸಿ ಕಾಮ್.

ಇದು ಓಪನ್‌ಎಲ್‌ಡ್ಯಾಪ್‌ನವರದೇ ಗೈಡ್‌ನಲ್ಲಿ ಉದಾಹರಣೆಗೆ ಅಂತ ಇರೋ ಹೆಸರು. ಆದ್ರೆ ಉಬುಂಟು, ಡೆಬಿಯನ್‌ನಲ್ಲಿ ಸ್ಲ್ಯಾಪ್‌ಡಿ ಇನ್‌ಸ್ಟಾಲ್ ಮಾಡಿದ್ರೆ ಯಜಮಾನನ ಹೆಸರು ಮ್ಯಾನೇಜರ್ ಅಲ್ಲ, ಅಡ್ಮಿನ್. ಊರಿನ ಹೆಸರನ್ನ ಅದು ಆ ಕಂಪ್ಯೂಟರಿನ ಡೊಮೇನ್ ಹೆಸರಿಂದ ತಾನೇ ತಗೊಳ್ಳುತ್ತೆ. ಇನ್‌ಸ್ಟಾಲ್ ಆಗೋವಾಗ ಕೇಳೋದು ಪಾಸ್‌ವರ್ಡ್ ಒಂದನ್ನೇ. ಲ್ಯಾಬ್‌ನ ಕಂಪ್ಯೂಟರ್‌ಗೆ ಯಾರೂ ಡೊಮೇನ್ ಹೆಸರು ಇಟ್ಟಿರಲ್ಲ. ಆಗ ಅದು ಏನು ಮಾಡುತ್ತೆ ಗೊತ್ತಾ? ‘ಡಿಸಿ ನೋ-ಡೊಮೇನ್’ ಅಂತ ಬರ್ಕೊಂಡು ಬಿಡುತ್ತೆ. ನಡುವೆ ಜಾಗ ಇಲ್ಲದೆ, ಒಂದೇ ಪದ. ಊರಿಲ್ಲ ಅನ್ನೋದೇ ಊರಿನ ಹೆಸರು!

ಅಂದ್ರೆ ಮೂರು ಸಲ ರೀಇನ್‌ಸ್ಟಾಲ್ ಮಾಡಿದಾಗಲೂ ಪಾಸ್‌ವರ್ಡ್ ಸರಿಯಾಗೇ ಇತ್ತು. ಇಲ್ಲದ ಊರಿನ, ಇಲ್ಲದ ಮನೆ ಬಾಗಿಲು ತಟ್ತಾ ಇದ್ದ.

ಇದನ್ನ ಊಹೆ ಮಾಡ್ಬೇಕಾಗಿಲ್ಲ, ಸರ್ವರ್‌ನೇ ಕೇಳಬಹುದು. ಎಲ್‌ಡ್ಯಾಪ್‌ಸರ್ಚ್, ಮೈನಸ್ ಎಕ್ಸ್, ಮೈನಸ್ ಎಸ್ ಬೇಸ್, ಮೈನಸ್ ಬಿ ಮುಂದೆ ಖಾಲಿ ಕೋಟ್ಸ್, ಕೊನೆಗೆ ನೇಮಿಂಗ್‌ಕಾಂಟೆಕ್ಸ್ಟ್ಸ್ ಅಂತ ಒಂದೇ ಪದ. ಪಾಸ್‌ವರ್ಡ್ ಇಲ್ಲದೆಯೇ ತನ್ನ ಊರು ಯಾವುದು ಅಂತ ಹೇಳುತ್ತೆ. ಯಜಮಾನನ ಪೂರ್ತಿ ಹೆಸರು ಬೇಕಂದ್ರೆ ಸರ್ವರ್ ಮುಂದೆಯೇ ಕೂತು, ಸುಡೋ ಹಾಕಿ, ಮೈನಸ್ ಕ್ಯಾಪಿಟಲ್ ವೈ ಎಕ್ಸ್‌ಟರ್ನಲ್ ಅಂತ ಕೊಟ್ಟು, ಎಲ್‌ಡಿಎಪಿಐ ವಿಳಾಸದ ಮೂಲಕ ಸಿಎನ್ ಕಾನ್ಫಿಗ್ ಒಳಗೆ ‘ಒಎಲ್‌ಸಿ ರೂಟ್‌ಡಿಎನ್’ ಹುಡುಕಿ. ಆ ಮೆಷಿನ್‌ನ ರೂಟ್ ನೀವೇ ಆಗಿರೋದ್ರಿಂದ ಅದು ಪಾಸ್‌ವರ್ಡ್ ಕೇಳಲ್ಲ. ಪಾಸ್‌ವರ್ಡ್ ನಿಜವಾಗಲೂ ಮರೆತವರೂ ಇದೇ ಬಾಗಿಲಿಂದ ಹೋಗಿ ಹೊಸದು ಇಡಬಹುದು. ಸ್ಲ್ಯಾಪ್‌ಪಾಸ್‌ಡಬ್ಲ್ಯೂಡಿ ಕಮ್ಯಾಂಡ್ ಅದನ್ನ ಗುಪ್ತ ರೂಪಕ್ಕೆ ಬದಲಾಯಿಸಿ ಕೊಡುತ್ತೆ, ಅದನ್ನ ‘ಒಎಲ್‌ಸಿ ರೂಟ್‌ಪಿಡಬ್ಲ್ಯೂ’ ಜಾಗಕ್ಕೆ ಹಾಕಬೇಕು. ಹಳೇ ಗೈಡ್‌ಗಳು ಸ್ಲ್ಯಾಪ್‌ಡಿ ಡಾಟ್ ಕಾನ್ಫ್ ಫೈಲ್ ತೆಗೆದು ಬರೀರಿ ಅಂತವೆ. ಇವತ್ತಿನ ಉಬುಂಟುವಿನಲ್ಲಿ ಸರ್ವರ್ ಆ ಫೈಲ್ ಕಡೆ ತಿರುಗಿಯೂ ನೋಡಲ್ಲ, ನೀವು ಅಲ್ಲಿ ಏನು ಬರೆದ್ರೂ ಗೋಡೆಗೆ ಹೇಳಿದ ಹಾಗೆ.

ಇವನ ಪುಸ್ತಕದಲ್ಲಿ ಇನ್ನೂ ಯಾರೂ ಇರಲಿಲ್ಲ. ಹಾಗಾಗಿ ಡಿಪಿಕೆಜಿ ರೀಕಾನ್ಫಿಗರ್ ಸ್ಲ್ಯಾಪ್‌ಡಿ ಕೊಟ್ಟು, ಊರಿನ ಹೆಸರು ಕೇಳಿದಾಗ ‘ಲ್ಯಾಬ್ ಡಾಟ್ ಇಂಟರ್ನಲ್’ ಅಂತ ಕೊಡಿಸಿದೆ. ಡಾಟ್ ಇಂಟರ್ನಲ್ ಅನ್ನೋದನ್ನ ಇಂಥ ಒಳಗಿನ ಬಳಕೆಗೇ ಅಂತ 2024ರಲ್ಲಿ ಐಕ್ಯಾನ್ ಮೀಸಲಿಟ್ಟಿದೆ. ನಿಮ್ಮ ಸರ್ವರ್‌ನಲ್ಲಿ ಆಗಲೇ ಹೆಸರುಗಳು ತುಂಬಿದ್ರೆ ಬ್ಯಾಕಪ್ ಇಲ್ಲದೆ ಈ ಕಮ್ಯಾಂಡ್ ಕೊಡಬೇಡಿ. ಆಮೇಲೆ ಎಲ್‌ಡ್ಯಾಪ್ ಹೂ-ಆ್ಯಮ್-ಐ ಅನ್ನೋ ಪುಟ್ಟ ಕಮ್ಯಾಂಡ್, ಮೈನಸ್ ಎಕ್ಸ್, ಮೈನಸ್ ಕ್ಯಾಪಿಟಲ್ ಡಿ ಮುಂದೆ ಹೊಸ ವಿಳಾಸ, ಕೊನೆಗೆ ಮೈನಸ್ ಕ್ಯಾಪಿಟಲ್ ಡಬ್ಲ್ಯೂ. ‘ನಾನು ಯಾರು’ ಅಂತ ಕೇಳೋ ಕಮ್ಯಾಂಡ್. ಉತ್ತರದಲ್ಲಿ ಅಡ್ಮಿನ್‌ನ ಪೂರ್ತಿ ವಿಳಾಸ ಬಂತು. ಅವನು ಆ ಸ್ಕ್ರೀನ್‌ಶಾಟ್ ಕಳಿಸಿದಾಗ ರಾತ್ರಿ ಹನ್ನೊಂದೂವರೆ.

ಅಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಮರುದಿನ ಇನ್ನೊಂದು ಮೆಸೇಜ್. ಮಕ್ಕಳ ಹೆಸರೆಲ್ಲ ಸೇರಿಸಿ ಆಯ್ತು, ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಗೆಟ್‌ಎಂಟ್ ಪಾಸ್‌ವಡ್ ಅಂತ ಕೊಟ್ಟು ಹೆಸರು ಹಾಕಿದ್ರೆ ವಿವರ ಬರುತ್ತೆ, ಆದ್ರೆ ಲಾಗಿನ್ ಆಗೋಕೆ ಹೋದ್ರೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ. ಈ ಸಲ ಇನ್ನೂ ಗಲಿಬಿಲಿ. ಹೆಸರು ಸಿಗ್ತಿದೆ, ಅಂದ್ರೆ ಪುಸ್ತಕ ಸರಿ ಇದೆ. ಮತ್ತೆ ಪಾಸ್‌ವರ್ಡ್ ಮೇಲೇ ಅನುಮಾನ.

ಇಲ್ಲೂ ಪಾಸ್‌ವರ್ಡ್ ಸರಿಯಾಗೇ ಇತ್ತು. ಲ್ಯಾಬ್ ಕಂಪ್ಯೂಟರ್ ಮತ್ತು ಸರ್ವರ್ ನಡುವೆ ಓಡಾಡೋ ಪ್ರೋಗ್ರಾಂ ಎಸ್‌ಎಸ್‌ಎಸ್‌ಡಿ. ಹೆಸರು, ಗುಂಪಿನಂಥ ವಿವರವನ್ನ ಅದು ಬರೀ ತಂತಿ ಮೇಲೆ ತರುತ್ತೆ. ಆದ್ರೆ ಪಾಸ್‌ವರ್ಡನ್ನ ಗುಪ್ತಗೊಳಿಸದ ತಂತಿ ಮೇಲೆ ಕಳಿಸೋಕೆ ಒಪ್ಪಲ್ಲ, ಟಿಎಲ್‌ಎಸ್ ಬೇಕೇ ಬೇಕು. ಹಾಗಾಗಿ ಪಾಸ್‌ವರ್ಡ್ ಸರ್ವರ್‌ವರೆಗೆ ಹೋಗೇ ಇಲ್ಲ! ಇದು ಖಚಿತ ಆಗೋದು ಸರ್ವರ್‌ನ ಲಾಗ್ ನೋಡಿದ್ರೆ. ಲಾಗ್ ಲೆವೆಲ್ ‘ಸ್ಟ್ಯಾಟ್ಸ್’ ಅಂತ ಇಟ್ರೆ ಪ್ರತಿ ಲಾಗಿನ್ ಪ್ರಯತ್ನಕ್ಕೂ ‘ಬೈಂಡ್’ ಅಂತ ಒಂದು ಸಾಲು ಬೀಳುತ್ತೆ, ಯಾವ ವಿಳಾಸ ಕೊಟ್ರು ಅನ್ನೋದು ಅಕ್ಷರಶಃ ಅಲ್ಲಿರುತ್ತೆ. ಆ ಹುಡುಗಿ ಲಾಗಿನ್ ಒತ್ತಿದಾಗ ಅವಳ ಹೆಸರಿನ ಬೈಂಡ್ ಸಾಲೇ ಇಲ್ಲ ಅಂದ್ರೆ, ತಪ್ಪು ಸರ್ವರ್‌ಗಿಂತ ಈಚೆಗಿದೆ. ನನ್ನನ್ನ ಕೇಳಿದ್ರೆ ಲಾಗ್ ನೋಡದೆ ಸೆಟ್ಟಿಂಗ್ ಮುಟ್ಟಲೇಬಾರದು.

ಇದಕ್ಕೆ ಇಂಟರ್ನೆಟ್‌ನಲ್ಲಿ ಒಂದು ಅಡ್ಡದಾರಿ ಸಿಗುತ್ತೆ. ಎಸ್‌ಎಸ್‌ಎಸ್‌ಡಿಯಲ್ಲಿ ಟಿಎಲ್‌ಎಸ್ ಬೇಡ ಅನ್ನೋ ಒಂದು ಸೆಟ್ಟಿಂಗ್ ಇದೆ. ಅದರ ಹೆಸರೇ ‘ನೆವರ್ ಯೂಸ್ ಇನ್ ಪ್ರೊಡಕ್ಷನ್’ ಅಂತ ಕೊನೆಯಾಗುತ್ತೆ. ಬರೆದವರು ಕೈಮುಗಿದು ಬೇಡಿಕೊಂಡ ಹಾಗಿದೆ. ಆದ್ರೂ ಜನ ಕಾಪಿ ಪೇಸ್ಟ್ ಮಾಡ್ತಾರೆ. ಕಾಲೇಜ್ ಲ್ಯಾಬ್ ತಾನೇ ಅನ್ನಬೇಡಿ. ಒಂದೇ ನೆಟ್‌ವರ್ಕ್‌ನಲ್ಲಿ ವೈರ್‌ಶಾರ್ಕ್ ಕಲೀತಿರೋ ಫೈನಲ್ ಇಯರ್ ಹುಡುಗರು ಇರೋ ಜಾಗವೇ ಕಾಲೇಜ್ ಲ್ಯಾಬ್.

ಹುಡುಗ ಸರ್ಟಿಫಿಕೇಟ್ ಮಾಡಿದ. ಅಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡ. ಒಂದು, ಕೀ ಫೈಲನ್ನ ಓದೋಕೆ ಸ್ಲ್ಯಾಪ್‌ಡಿ ಓಡೋ ಓಪನ್‌ಎಲ್‌ಡ್ಯಾಪ್ ಅನ್ನೋ ಯೂಸರ್‌ಗೆ ಅನುಮತಿ ಇರಲಿಲ್ಲ, ಎರರ್ 80 ಬಂತು. ಎರಡು, ಲ್ಯಾಬ್ ಮೆಷಿನ್‌ಗಳಲ್ಲಿ ಸರ್ವರ್ ವಿಳಾಸವನ್ನ ಐಪಿ ನಂಬರ್‌ನಲ್ಲಿ ಕೊಟ್ಟಿದ್ದ, ಸರ್ಟಿಫಿಕೇಟ್‌ನಲ್ಲಿ ಇದ್ದಿದ್ದು ಹೆಸರು. ಎರಡೂ ಒಂದೇ ಆಗಿರಬೇಕು. ಎಲ್ಲ ಮೆಷಿನ್‌ಗಳ ಹೋಸ್ಟ್ಸ್ ಫೈಲ್‌ನಲ್ಲಿ ಹೆಸರು ಸೇರಿಸಿದ ಮೇಲೆ 26 ಕಂಪ್ಯೂಟರ್‌ಗಳಲ್ಲಿ ಲಾಗಿನ್ ಆಯ್ತು.

ಉಳಿದ ನಾಲ್ಕು? ಅದೇ ಸೆಟ್ಟಿಂಗ್, ಅದೇ ಪಾಸ್‌ವರ್ಡ್, ಆದ್ರೆ ಆಗಲ್ಲ. ಗಡಿಯಾರ ನೋಡು ಅಂದೆ. ಹಳೇ ಮೆಷಿನ್‌ಗಳು, ಮದರ್‌ಬೋರ್ಡ್‌ನಲ್ಲಿರೋ ಸಿಆರ್ 2032 ಬಟನ್ ಸೆಲ್ ಸತ್ತಿತ್ತು. ಲ್ಯಾಬ್‌ಗೆ ಇಂಟರ್ನೆಟ್ ಇಲ್ಲ, ಸಮಯ ಸರಿಪಡಿಸೋರಿಲ್ಲ. ತಾರೀಖು ಹಿಂದಕ್ಕೆ ಹೋಗಿ ನಿಂತಿತ್ತು. ಆ ಕಂಪ್ಯೂಟರ್‌ಗಳ ಲೆಕ್ಕದಲ್ಲಿ ನಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ನಾಲ್ಕು ಸೆಲ್ ತಂದು ಹಾಕಿ, ಟೈಮ್ ಸರಿ ಮಾಡಿದ ಮೇಲೆ ಅವೂ ಸರಿಹೋದವು.

ವಿಂಡೋಸ್‌ನ ಆ್ಯಕ್ಟಿವ್ ಡೈರೆಕ್ಟರಿ ಜೊತೆ ಗುದ್ದಾಡೋರಿಗೆ ಒಂದು ಮಾತು. ಅಲ್ಲೂ 49 ಬರುತ್ತೆ, ಆದ್ರೆ ಆ ಉದ್ದ ಸಾಲಿನಲ್ಲಿ ‘ಡೇಟಾ’ ಅನ್ನೋ ಪದದ ಮುಂದೆ ಒಂದು ಕೋಡ್ ಇರುತ್ತೆ. 525 ಅಂದ್ರೆ ಆ ಹೆಸರಿನವರಿಲ್ಲ. 52ಇ ಅಂದ್ರೆ ಪಾಸ್‌ವರ್ಡ್ ತಪ್ಪು. 533, ಅಕೌಂಟ್ ನಿಲ್ಲಿಸಿದ್ದಾರೆ. 773, ಮೊದಲು ಪಾಸ್‌ವರ್ಡ್ ಬದಲಾಯಿಸಬೇಕು. 775 ಅಂದ್ರೆ ಲಾಕ್ ಆಗಿದೆ, ಬಹುಶಃ ನೀವೇ ಹತ್ತು ಸಲ ಟೈಪ್ ಮಾಡಿ ಮಾಡಿ.

ಕೊನೆಯದು, ಇದನ್ನ ಯಾರೂ ಟೆಸ್ಟ್ ಮಾಡಲ್ಲ. ಎಲ್ಲ ಸರಿಯಾದ ಮೇಲೆ ಸರಿಯಾದ ಹೆಸರು ಕೊಟ್ಟು, ಪಾಸ್‌ವರ್ಡ್ ಖಾಲಿ ಬಿಟ್ಟು ಲಾಗಿನ್ ಒತ್ತಿ ನೋಡಿ. ಎಲ್‌ಡ್ಯಾಪ್ ನಿಯಮದಲ್ಲಿ ಹೆಸರಿದ್ದು ಪಾಸ್‌ವರ್ಡ್ ಖಾಲಿ ಇದ್ರೆ ಅದನ್ನ ಅನಾಮಿಕ ಪ್ರವೇಶ ಅಂತ ತಗೊಂಡು ‘ಆಯ್ತು’ ಅನ್ನೋ ಅವಕಾಶ ಇದೆ. ಓಪನ್‌ಎಲ್‌ಡ್ಯಾಪ್ ಇದನ್ನ ಮೊದಲಿಂದಲೇ ಮುಚ್ಚಿಟ್ಟಿರುತ್ತೆ. ಎಲ್ಲ ಸರ್ವರ್ ಹಾಗಲ್ಲ. ನೀವೇ ಬರೆದ ವೆಬ್ ಆ್ಯಪ್ ಆ ‘ಆಯ್ತು’ ನಂಬಿದ್ರೆ ಯಾರು ಬೇಕಾದ್ರೂ ಪ್ರಿನ್ಸಿಪಾಲರಾಗಿ ಒಳಗೆ ಬರಬಹುದು.

ಹುಡುಗನ ಲ್ಯಾಬ್‌ನಲ್ಲಿ ಈಗ ಒಬ್ಬೊಬ್ಬರಿಗೂ ಅವರದೇ ಫೋಲ್ಡರ್ ಇದೆ. ಪರೀಕ್ಷೆಗೆ ಇನ್ನೂ ಮೂರು ದಿನ ಇದೆ. ಗುತ್ತಿಗೆ ವಿಷಯ ಇನ್ನೂ ಯಾರೂ ಏನೂ ಹೇಳಿಲ್ಲವಂತೆ. ಅವನಿಗೆ ಬಾಕಿ ಇಟ್ಟಿರೋ ಕೆಲಸ ಒಂದೇ, ಸ್ಲ್ಯಾಪ್‌ಕ್ಯಾಟ್ ಅಂತ ಕೊಟ್ರೆ ಇಡೀ ಪುಸ್ತಕ ಒಂದು ಟೆಕ್ಸ್ಟ್ ಫೈಲ್ ಆಗಿ ಬರುತ್ತೆ, ಅದನ್ನ ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡು ಅಂತ. ಇವತ್ತು ಸಂಜೆಯೊಳಗೆ ಮಾಡು ತಮ್ಮಾ.