ಮನೆ ಕೊಳ್ಳುವ ಮುನ್ನ ಮನೆಯ ತಪಾಸಣೆ



ವೈದ್ಯರನ್ನು ಕರೆದು ಮನೆಯ ಕುರಿತು ಮಾತನಾಡಿಸುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ದೇಹದ ತಪಾಸಣೆಗೂ ಮನೆಯ ತಪಾಸಣೆಗೂ ಹೋಲಿಕೆ ಬಹಳ. ಎರಡರಲ್ಲೂ ಆ ದಿನ ಕಂಡುದನ್ನು ಹೇಳಬಹುದೇ ಹೊರತು, ಮುಂದೆ ಏನೂ ಆಗದೆಂದು ಯಾರೂ ಭರವಸೆ ಕೊಡಲಾರರು.

ವೆರಿಬೀಯಲ್ಲಿ ಮೊದಲ ಮನೆ ಕೊಂಡಾಗ ನಾವು ಹೊಸ ಬಣ್ಣಕ್ಕೆ ಮರುಳಾದೆವು. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸಿದೆವು, ಪುರೋಹಿತರನ್ನು ಕರೆಸಿದೆವು. ತಪಾಸಕರನ್ನು ಮಾತ್ರ ಕರೆಸಲಿಲ್ಲ. ಎರಡನೆಯ ಬೇಸಿಗೆ ಕಳೆಯುವುದರೊಳಗೆ ಬಾಗಿಲುಗಳು ಸರಿಯಾಗಿ ಮುಚ್ಚದಾದವು. ಕಿಟಕಿಯ ಮೂಲೆಯಿಂದ ಇಟ್ಟಿಗೆಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿಯಿತು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ತೆಗೆದಿಟ್ಟ ಹಣ ತಳಪಾಯದ ದುರಸ್ತಿಗೆ ಹೋಯಿತು.

ಮೆಲ್ಬರ್ನಿನ ಪಶ್ಚಿಮದ ಬಯಲು ಪ್ರಾಚೀನ ಜ್ವಾಲಾಮುಖಿಗಳ ಲಾವಾರಸದಿಂದಾದುದು. ಆ ಕಲ್ಲು ಸವೆದು ಉಂಟಾದ ಜೇಡಿಮಣ್ಣು ನಮ್ಮ ಧಾರವಾಡ, ಗದಗ, ರಾಯಚೂರುಗಳ ಎರೆಮಣ್ಣಿನ ಬಂಧುವೇ ಸರಿ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯ್ಬಿಡುತ್ತದೆ. ಸೋರುವ ಕೊಳವೆಯೋ ಗೋಡೆಗಂಟಿದ ದೊಡ್ಡ ಮರವೋ ಇದ್ದಲ್ಲಿ ಮನೆಯ ಒಂದು ಬದಿ ಏರಿ ಮತ್ತೊಂದು ಬದಿ ಇಳಿಯುತ್ತದೆ. ಆದರೆ ಬಿರುಕೆಲ್ಲವೂ ರೋಗವಲ್ಲ. ತಳಪಾಯಕ್ಕೆ ಸಂಬಂಧಿಸಿದ ಎ.ಎಸ್. 2870 ಎಂಬ ಆಸ್ಟ್ರೇಲಿಯದ ಮಾನಕದಂತೆ, 1 ಮಿಲಿಮೀಟರಿಗಿಂತ ಕಿರಿದಾದ ಬಿರುಕು ಅಲ್ಪವಾದುದು; 5 ಮಿಲಿಮೀಟರಿನವರೆಗಿನದನ್ನು ಸುಲಭವಾಗಿ ತುಂಬಬಹುದು; ಅದನ್ನು ಮೀರಿದರೆ ಗೋಡೆಯ ಕೆಲಭಾಗವನ್ನೇ ಬದಲಿಸಬೇಕಾದೀತು.

ತಪಾಸಕರಿಂದ ಏನನ್ನು ನಿರೀಕ್ಷಿಸಬೇಕು? ಎ.ಎಸ್. 4349.1 ಎಂಬ ಮಾನಕದಂತೆ ಅವರು ಮನೆಯ ಒಳಗು, ಹೊರಗು, ಮಾಡಿನ ಒಳಭಾಗ, ನುಸುಳಲು ಸಾಧ್ಯವಿದ್ದರೆ ನೆಲದ ಅಡಿಭಾಗ ಇವುಗಳನ್ನು ಕಣ್ಣಿನಿಂದ ಪರೀಕ್ಷಿಸುತ್ತಾರೆ. ಛಾವಣಿಗೆ ಅವರ ಏಣಿಯ ಮಿತಿ 3.6 ಮೀಟರು. ಗೋಡೆ ಕೊರೆಯುವುದಿಲ್ಲ, ಪೀಠೋಪಕರಣ ಸರಿಸುವುದಿಲ್ಲ. ವಿದ್ಯುತ್ತು, ಅನಿಲ, ನೀರಿನ ಕೊಳವೆಗಳ ಪರೀಕ್ಷೆ ಇದರಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಗೆದ್ದಲಿನ ತಪಾಸಣೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ವರದಿಯಲ್ಲಿ ದೊಡ್ಡ ದೋಷ, ಸಣ್ಣ ದೋಷ, ಅಪಾಯ ಎಂಬ ವಿಂಗಡಣೆಯಿರುತ್ತದೆ. "ಇಲ್ಲಿಗೆ ತಲುಪಲಾಗಲಿಲ್ಲ" ಎಂದು ಬರೆದಿರುವ ಸಾಲುಗಳನ್ನೂ ತಪ್ಪದೆ ಓದಬೇಕು.

ಆಸ್‌ಬೆಸ್ಟಾಸ್ ಕೂಡ ಸಾಧಾರಣ ತಪಾಸಣೆಯ ವ್ಯಾಪ್ತಿಗೆ ಹೊರತು. ಈ ದೇಶದಲ್ಲಿ ಅದರ ಬಳಕೆ ಪೂರ್ಣವಾಗಿ ನಿಷಿದ್ಧವಾದದ್ದು 2003ರ ಡಿಸೆಂಬರ್ 31ರಂದು. 1990ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಅದು ಇರುವ ಸಂಭವವುಂಟು. ಮುರಿಯದ, ಸುಸ್ಥಿತಿಯ ಹಾಳೆಯಿಂದ ಅಪಾಯ ಅತ್ಯಲ್ಪ. ಸ್ನಾನದ ಕೋಣೆಯನ್ನು ನವೀಕರಿಸಲೆಂದು ಕೊರೆದಾಗ, ಗರಗಸವಾಡಿಸಿದಾಗ ಏಳುವ ಧೂಳು ಶ್ವಾಸಕೋಶವನ್ನು ಸೇರುತ್ತದೆ. ಅದರ ಫಲವಾದ ಮೀಸೋಥೀಲಿಯೋಮಾ ಎಂಬ ಅರ್ಬುದ ಹಲವು ದಶಕಗಳ ಬಳಿಕ ತಲೆದೋರುತ್ತದೆ. ಹಳೆಯ ಮನೆಯಾದರೆ ಇದಕ್ಕಾಗಿ ಪ್ರತ್ಯೇಕ ಪರೀಕ್ಷೆ ಮಾಡಿಸುವುದು ಲೇಸು.

ಕೊನೆಯದಾಗಿ, ಕಾಲದ ಮಾತು. ವಿಕ್ಟೋರಿಯಾದಲ್ಲಿ ಖಾಸಗಿಯಾಗಿ ಮನೆ ಕೊಂಡವರು, ಸಹಿ ಮಾಡಿದ ಮೇಲೆ ಮೂರು ಪೂರ್ಣ ವ್ಯವಹಾರ ದಿನಗಳೊಳಗೆ ಹಿಂದೆಗೆಯಬಹುದು. ಆಗ 100 ಡಾಲರು ಅಥವಾ ಬೆಲೆಯ ಶೇಕಡಾ 0.2, ಇವೆರಡರಲ್ಲಿ ಹೆಚ್ಚಿನದನ್ನು ಕಳೆದುಕೊಳ್ಳಬೇಕಾಗುತ್ತದೆ. ಹರಾಜಿನಲ್ಲಿ ಕೊಂಡವರಿಗೆ ಈ ಅವಕಾಶವೇ ಇಲ್ಲ. ಆದುದರಿಂದ ಹರಾಜಿಗೆ ಮೊದಲೇ ತಪಾಸಣೆ ಮುಗಿದಿರಬೇಕು. ತಪಾಸಕರನ್ನು ನಾವೇ ಆರಿಸಬೇಕು. ಮಾರಾಟದ ಏಜೆಂಟರು ಸೂಚಿಸಿದವರೇ ಆಗಬೇಕಿಲ್ಲ. ತಪಾಸಣೆಯ ದಿನ ಜೊತೆಯಲ್ಲಿದ್ದು, "ಈ ಮನೆ ನಿಮ್ಮದಾಗಿದ್ದರೆ ಮೊದಲು ಯಾವುದನ್ನು ಸರಿಪಡಿಸುತ್ತಿದ್ದಿರಿ?" ಎಂದು ಕೇಳಿ ನೋಡಿ. ಮೂವತ್ತು ಪುಟದ ವರದಿಗಿಂತ ಆ ಒಂದು ಉತ್ತರ ಹೆಚ್ಚು ತಿಳಿಸೀತು.

ದೋಷವೇ ಇಲ್ಲದ ದೇಹವೂ ಇಲ್ಲ, ಮನೆಯೂ ಇಲ್ಲ. ತಿಳಿದು ಕೊಂಡ ದೋಷಕ್ಕೆ ಬೆಲೆಯಲ್ಲಿ ಚೌಕಾಸಿಯುಂಟು. ತಿಳಿಯದೆ ಕೊಂಡದ್ದಕ್ಕೆ ನಾವೇ ಹೊಣೆ. ಮುಹೂರ್ತ ನೋಡಿಸುವುದನ್ನು ಬಿಡಬೇಡಿರಿ. ಅದಕ್ಕೂ ಮೊದಲು ತಳಪಾಯವನ್ನು ನೋಡಿಸಿರಿ.